ಮುಟ್ಟದೆ ಅರಿಯುವ ಕಣ್ಣು

ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿ. ಪುಷ್ಯಮಾಸದ ಬೆಳಗು, ನೀರಿನ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಏರಿಯ ಮೇಲೆ ನಿಂತವನ ಕಣ್ಣಿಗೆ ಆಚೆ ದಡದಲ್ಲಿ ಬೂದುಬಿಳುಪಿನ ಏನೋ ಒಂದು ಕಾಣುತ್ತದೆ. ಮೊದಲ ನೋಟಕ್ಕೆ ಅದು ಕಲ್ಲುಗಳ ಸಾಲು. ಮರುಕ್ಷಣ, ಯಾರೋ ಒಣಹಾಕಿದ ಬಟ್ಟೆಯಿರಬೇಕೆಂಬ ಊಹೆ. ಅಷ್ಟರಲ್ಲಿ ಆ ಸಾಲಿನ ಒಂದು ಕಲ್ಲು ಕತ್ತೆತ್ತುತ್ತದೆ. ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಪುಸ್ತಕದ ಚಿತ್ರದಲ್ಲಿ ಎಷ್ಟೋ ಸಲ ಕಂಡಿದ್ದ ಪಟ್ಟೆತಲೆಯ ಹೆಬ್ಬಾತು ಈಗ ಜೀವಂತವಾಗಿ ಎದುರಿಗಿದೆ. ನೋಡುವವನ ಉಸಿರು ಒಂದು ಗಳಿಗೆ ನಿಲ್ಲುತ್ತದೆ, ಮೈ ನವಿರೇಳುತ್ತದೆ.

ಮಂಗೋಲಿಯ ಮತ್ತು ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಈ ಹಕ್ಕಿಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಇರುಳಲ್ಲಿ ಸುತ್ತಲಿನ ಹೊಲಗಳಲ್ಲಿ ಮೇದು, ಬೆಳಗಾಗುತ್ತಲೇ ಕೆರೆಗೆ ಮರಳುತ್ತವೆ. ಶಂಖಬಸದಿಯ ಲಕ್ಷ್ಮೇಶ್ವರ ಇಲ್ಲಿಗೆ ಸಮೀಪ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಮೇಲೆ ದೂರದೂರುಗಳವರಿಗೂ ಇದರ ಹೆಸರು ತಿಳಿದಿದೆ.

ಬದುಕಿನಲ್ಲಿ ಮೊದಲ ಬಾರಿಗೆ ಕಂಡ ಪಕ್ಷಿಜಾತಿಗೆ ಪಕ್ಷಿವೀಕ್ಷಕರು ‘ಲೈಫರ್’ ಎನ್ನುತ್ತಾರೆ. ಮಾರನೆಯ ದಿನ ಅದೇ ಏರಿಯ ಮೇಲೆ ನಿಂತರೆ ಅದೇ ಹೆಬ್ಬಾತು ಅಲ್ಲೇ ಇರುತ್ತದೆ. ಪಟ್ಟೆ ಅಷ್ಟೇ ಕಪ್ಪು, ಕೊಕ್ಕು ಅಷ್ಟೇ ಹಳದಿ. ಆದರೆ ನಿನ್ನೆಯ ಪುಳಕ ಇರುವುದಿಲ್ಲ. ಸಂತೋಷ ಹಕ್ಕಿಯಲ್ಲೇ ಇದ್ದಿದ್ದರೆ ಇಂದೂ ಅದು ಅಷ್ಟೇ ದೊರೆಯಬೇಕಿತ್ತಲ್ಲವೇ? ಹಾಗಾದರೆ ಅದು ಇದ್ದುದೆಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನವರೇ ಆದ ಆಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಇಂದ್ರಿಯ ಮತ್ತು ಮನಸ್ಸುಗಳಿಂದ ಹುಟ್ಟುವ ಮತಿಜ್ಞಾನವನ್ನು ವಿವರಿಸುವಾಗ ಆರಿಸಿಕೊಂಡ ಉದಾಹರಣೆ ಒಂದು ಹಕ್ಕಿ. ದೂರದಲ್ಲಿ ಬಿಳಿಯದೇನೋ ಕಾಣುತ್ತದೆ. ಅದು ಬಲಾಕೆಯೋ, ಅಂದರೆ ಬೆಳ್ಳಕ್ಕಿಯೋ, ಗಾಳಿಗೆ ಆಡುವ ಪತಾಕೆಯೋ? ಮೇಲೇರುತ್ತದೆ, ಕೆಳಗಿಳಿಯುತ್ತದೆ, ರೆಕ್ಕೆ ಬಡಿಯುತ್ತದೆ. ಆದ್ದರಿಂದ ಅದು ಬಲಾಕೆಯೇ, ಬಾವುಟವಲ್ಲ. ಬೆಳಗ್ಗೆ ಕಂಡ ಬಲಾಕೆಯೇ ಇದು ಎಂದು ಬಳಿಕ ಗುರುತು ಹತ್ತುತ್ತದೆ. ಬಿಳಿಯ ರೂಪವನ್ನು ಗ್ರಹಿಸುವುದು ಅವಗ್ರಹ. ಅದರ ವಿಶೇಷವನ್ನು ಅರಿಯಬೇಕೆಂದು ಮುಂದುವರಿಯುವುದು ಈಹೆ. ನಿಶ್ಚಯ ಅವಾಯ. ಮರೆಯದೆ ಉಳಿಯುವುದು ಧಾರಣೆ. ಇವೆಲ್ಲಕ್ಕೂ ಮೊದಲು ‘ಏನೋ ಇದೆ’ ಎಂಬಷ್ಟೇ ಅರಿವಾದ ದರ್ಶನ. ದುರ್ಬೀನು ಹುಟ್ಟುವುದಕ್ಕೆ ಸಾವಿರ ವರ್ಷಗಳಿಗೂ ಮೊದಲು, ಪಕ್ಷಿವೀಕ್ಷಕನೊಬ್ಬನ ಬೆಳಗಿನ ಅನುಭವ ಇಷ್ಟು ಕ್ರಮಬದ್ಧವಾಗಿ ಶಾಸ್ತ್ರಗ್ರಂಥದೊಳಗೆ ದಾಖಲಾಗಿದೆ.

ಇಲ್ಲಿ ಈಹೆಯ ವಿಷಯದಲ್ಲಿ ತುಸು ನಿಲ್ಲಬೇಕು. ಅದನ್ನು ಸಂಶಯವೆಂದು ತಿಳಿಯುವವರುಂಟು. ಜೈನ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಸಂಶಯ ಎರಡು ಕಡೆಗೂ ತೂಗುತ್ತ ನಿಂತಲ್ಲೇ ನಿಲ್ಲುತ್ತದೆ. ಈಹೆ ನಿಶ್ಚಯದ ಕಡೆಗೆ ಹೆಜ್ಜೆ ಇಡುತ್ತದೆ. ಕೊಕ್ಕು ಎಂಥದು, ಕಾಲಿನ ಬಣ್ಣವೇನು, ಹಾರುವ ಬಗೆ ಹೇಗೆ ಎಂದು ಒಂದೊಂದನ್ನೇ ಕೇಳಿಕೊಳ್ಳುತ್ತ ತಾಳ್ಮೆಯಿಂದ ಕಾಯುವುದೇ ಈಹೆ. ಅಪರೂಪದ ಹಕ್ಕಿಯನ್ನು ಕಾಣಲೇಬೇಕೆಂಬ ಆಸೆ ಬಲವಾದಾಗ ಈ ತಾಳ್ಮೆ ಮೊದಲು ಸೋಲುತ್ತದೆ. ಆಗ ಸಾಮಾನ್ಯ ಹಕ್ಕಿಯೂ ಅಪರೂಪದ್ದಾಗಿ ಕಾಣುತ್ತದೆ. ರಾಗವು ಜ್ಞಾನವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸರಳವಾದ ನಿದರ್ಶನ ಸಿಗಲಾರದು. ಕಾಣದಿದ್ದುದನ್ನು ಕಂಡೆನೆಂದು ಪಟ್ಟಿಗೆ ಸೇರಿಸುವುದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಅಲ್ಲಿ ಕೆಡುವುದು ಸತ್ಯಾಣುವ್ರತ.

ತತ್ತ್ವಾರ್ಥಸೂತ್ರದ ಸೂಕ್ಷ್ಮತೆ ಇಷ್ಟಕ್ಕೇ ಮುಗಿಯುವುದಿಲ್ಲ. ಗ್ರಹಣವು ಒಂದೇ ವಸ್ತುವಿನದಾಗಿರಬಹುದು, ಹಲವು ವಸ್ತುಗಳದಾಗಿರಬಹುದು, ಕ್ಷಿಪ್ರವಾಗಿರಬಹುದು, ನಿಧಾನವಾಗಿರಬಹುದು, ವಸ್ತು ಪೂರ್ತಿ ಹೊರಗೆ ಕಾಣದೆ ‘ಅನಿಃಸೃತ’ವಾಗಿರಬಹುದು. ನೀಲಿ ಮಿಂಚಿನಂತೆ ತೊರೆಯ ಮೇಲೆ ಹಾದುಹೋದ ಮಿಂಚುಳ್ಳಿಯನ್ನು ಅರಿಯುವುದು ಕ್ಷಿಪ್ರಗ್ರಹಣ. ಎಲೆಗಳ ನಡುವೆ ಬಾಲವಷ್ಟೇ ಕಂಡು ಹಕ್ಕಿಯನ್ನೇ ಅರಿಯುವುದು ಅನಿಃಸೃತ. ಹೀಗೆ ಎಣಿಸುತ್ತ ಹೋದ ಆಚಾರ್ಯರು ಮತಿಜ್ಞಾನಕ್ಕೆ 336 ಭೇದಗಳನ್ನು ಹೇಳಿದ್ದಾರೆ. ಈ ಲೆಕ್ಕವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಬೇಸತ್ತ ಮಕ್ಕಳನ್ನು ಒಂದು ಬೆಳಗ್ಗೆ ಕೆರೆಯ ದಡಕ್ಕೆ ಕರೆದೊಯ್ದರೆ ಅರ್ಧಕ್ಕರ್ಧ ತಾನೇ ತಿಳಿದೀತು.

ಇನ್ನು ಸಂತೋಷದ ಮಾತು. ಆತ್ಮನ ಲಕ್ಷಣವೇ ಉಪಯೋಗ, ಅಂದರೆ ಜ್ಞಾನ ಮತ್ತು ದರ್ಶನ. ಜ್ಞಾನಾವರಣೀಯ ಕರ್ಮವು ಆ ಸ್ವಭಾವವನ್ನು ಮೋಡ ಸೂರ್ಯನನ್ನು ಮುಚ್ಚುವಂತೆ ಮುಚ್ಚಿದೆ. ಕ್ಷಯೋಪಶಮವಾದಷ್ಟು ಮಾತ್ರ ಬೆಳಕು ಹೊರಗೆ ಬರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಹೆಬ್ಬಾತು ನೋಡುವವನಿಗೆ ಏನನ್ನೂ ಕೊಡಲಿಲ್ಲ. ಅದು ನಿಮಿತ್ತ ಮಾತ್ರ. ‘ಏನೋ ಒಂದು’ ಎಂಬುದು ‘ಇದೇ’ ಎಂದಾದ ಕ್ಷಣದಲ್ಲಿ ಅರಿಯುವ ಸ್ವಭಾವವು ತನ್ನನ್ನು ತಾನು ಸ್ವಲ್ಪ ಹೊತ್ತು ಕಂಡುಕೊಂಡಿತು. ಮೊದಲ ನೋಟದ ಪುಳಕದಲ್ಲಿ ಶುದ್ಧವಾದ ಅಂಶ ಒಂದಿದ್ದರೆ ಅದು ಇದೇ. ಆಗಿನ್ನೂ ‘ನಾನು ಕಂಡೆ’ ಎಂಬುದು ಹುಟ್ಟಿರುವುದಿಲ್ಲ. ‘ನನ್ನದು’ ಎಂಬುದಂತೂ ಇಲ್ಲವೇ ಇಲ್ಲ. ಅವೆರಡೂ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ ಎಂಬುದು ಬೇರೆ ಮಾತು.

ಇಂದ್ರಿಯಗಳ ಪೈಕಿ ಕಣ್ಣಿಗೆ ಜೈನ ದರ್ಶನವು ವಿಶೇಷವಾದ ಸ್ಥಾನವನ್ನು ಕೊಟ್ಟಿದೆ. ಚರ್ಮ, ನಾಲಗೆ, ಮೂಗು, ಕಿವಿಗಳು ತಮ್ಮ ವಿಷಯವನ್ನು ಮುಟ್ಟಿಯೇ ಅರಿಯುತ್ತವೆ. ಶಬ್ದವೂ ಪುದ್ಗಲವೇ ಆದುದರಿಂದ ಕಿವಿಯನ್ನು ಬಂದು ತಾಗುತ್ತದೆ. ಕಣ್ಣು ಮತ್ತು ಮನಸ್ಸು ಹಾಗಲ್ಲ. ಅವು ‘ಅಪ್ರಾಪ್ಯಕಾರಿ’, ವಸ್ತುವನ್ನು ಮುಟ್ಟದೆ ಅರಿಯುತ್ತವೆ. ಕಣ್ಣಿನಿಂದ ಹೊರಟ ಕಿರಣಗಳು ವಸ್ತುವನ್ನು ತಲುಪುತ್ತವೆ ಎಂದು ಬೇರೆ ದರ್ಶನದವರು ವಾದಿಸಿದರು. ಪೂಜ್ಯಪಾದರ ಉತ್ತರ ಮನೆಯ ಹೆಣ್ಣುಮಕ್ಕಳಿಗೂ ಒಡನೆ ತಿಳಿಯುವಂಥದು: ಮುಟ್ಟಿಯೇ ಅರಿಯುವುದಾಗಿದ್ದರೆ ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ಕಾಣಬೇಕಿತ್ತು, ಕಾಣುವುದಿಲ್ಲವಲ್ಲ! ಈ ವಾದದ ತಾರ್ಕಿಕ ಬಲವನ್ನು ವಿದ್ವಾಂಸರು ಅಳೆಯಲಿ. ಅದರೊಳಗೆ ಆಚರಣೆಗೆ ದಾರಿ ತೋರುವ ಬೆಳಕೂ ಇದೆ. ಮುಟ್ಟದೆ, ಹಿಡಿಯದೆ, ಹತ್ತಿರಕ್ಕೂ ಹೋಗದೆ ಪೂರ್ತಿಯಾಗಿ ಅರಿಯುವ ಸಾಧನವೊಂದು ಮನುಷ್ಯನಿಗೆ ಹುಟ್ಟಿನಿಂದಲೇ ಇದೆ.

ಆದರೆ ಕಣ್ಣಿನ ಹಿಂದೆಯೇ ಕೈ ಬರುತ್ತದೆ. ಭಾರತದ ಪಕ್ಷಿಶಾಸ್ತ್ರದಲ್ಲಿ ಅತ್ಯಂತ ಪ್ರಸಿದ್ಧವಾದ ಮೊದಲ ನೋಟ ಒಂದು ಗುಬ್ಬಚ್ಚಿಯ ಸಾವಿನಿಂದ ಆರಂಭವಾಗುತ್ತದೆ. ಬಾಲಕ ಸಲೀಂ ಅಲಿ ಗಾಳಿಬಂದೂಕಿನಿಂದ ಹೊಡೆದು ಕೆಡವಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಗುಬ್ಬಿ ಎಂದು ಕೇಳಲು ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಕಾರ್ಯದರ್ಶಿ ಮಿಲ್ಲಾರ್ಡ್ ಅದನ್ನು ಗುರುತಿಸಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಹುಡುಗನಿಗೆ ತೋರಿಸಿದರು. ಒಂದು ದೊಡ್ಡ ಬದುಕಿನ ದಿಕ್ಕು ಅಲ್ಲಿ ತಿರುಗಿತು. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಬೀಳುವಿಕೆಯನ್ನೇ ಹೆಸರಾಗಿ ಇಟ್ಟರು. ಅದೇ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಕಾವೇರಿಯ ರಂಗನತಿಟ್ಟು ಪಕ್ಷಿಧಾಮವಾಯಿತು ಎಂಬುದನ್ನೂ ಮರೆಯಬಾರದು. ಒಂದೇ ಬದುಕನ್ನು ಒಂದೇ ನಯದಿಂದ ಅಳೆಯುವುದು ಅನೇಕಾಂತವಾದಿಗೆ ಸಲ್ಲದು.

ಇನ್ನೊಂದು ಘಟನೆ ಆಂಧ್ರದ ಕಡಪ ಸಮೀಪದ್ದು. ಜೆರ್ಡನ್ಸ್ ಕೋರ್ಸರ್ ಎಂಬ ನೆಲದ ಹಕ್ಕಿ 1900ರ ಬಳಿಕ ಯಾರ ಕಣ್ಣಿಗೂ ಬೀಳದೆ, ಅಳಿದೇ ಹೋಯಿತೆಂದು ಬಲ್ಲವರು ಭಾವಿಸಿದ್ದರು. 1986ರ ಜನವರಿಯಲ್ಲಿ, ಕುರುಚಲು ಕಾಡಿನ ಕತ್ತಲೆಯಲ್ಲಿ, ದೀಪದ ಬೆಳಕಿಗೆ ಕಂಗೆಟ್ಟು ನಿಂತ ಒಂದು ಹಕ್ಕಿಯನ್ನು ಕೈಯಿಂದ ಹಿಡಿಯಲಾಯಿತು. 86 ವರ್ಷಗಳ ಬಳಿಕ ಸಿಕ್ಕ ಆ ಜೀವ ಬದುಕಿ ಉಳಿಯಲಿಲ್ಲ. ಹಿಡಿದವರಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ಆ ಹಕ್ಕಿ ಇನ್ನೂ ಇದೆಯೆಂದು ತಿಳಿದುದರಿಂದಲೇ ಅಲ್ಲಿನ ಕಾಡಿಗೆ ರಕ್ಷಣೆಯೂ ದೊರೆಯಿತು. ಇದೆಲ್ಲವೂ ನಿಜ. ಹಕ್ಕಿ ಸತ್ತುದೂ ನಿಜ.

ಈಗ ಬಂದೂಕಿಲ್ಲ, ಬಲೆಯಿಲ್ಲ. ಆದರೂ ಕೈ ಬೇರೆ ರೂಪದಲ್ಲಿ ಚಾಚುತ್ತದೆ. ಪೊದೆಯೊಳಗಿನ ಹಕ್ಕಿ ಹೊರಗೆ ಬರಲಿ ಎಂದು ಮೊಬೈಲಿನಲ್ಲಿ ಅದರದೇ ಕೂಗನ್ನು ಕೇಳಿಸುವವರಿದ್ದಾರೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿತೆಂದು ತಿಳಿದ ಗಂಡುಹಕ್ಕಿ ಮೇವನ್ನೂ ಗೂಡನ್ನೂ ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಅಲೆಯುತ್ತದೆ. ಕಣ್ಣು ಮುಟ್ಟುವುದಿಲ್ಲ, ಸರಿ, ಶಬ್ದ ಮುಟ್ಟುತ್ತದೆ. ಗೂಡು ಚೆನ್ನಾಗಿ ಕಾಣಲೆಂದು ಅಡ್ಡದ ಎಲೆಗಳನ್ನು ಕಿತ್ತರೆ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತವೆ. ಒಂದು ಚಿತ್ರ, ಪಟ್ಟಿಯಲ್ಲಿ ಒಂದು ಸಂಖ್ಯೆ. ಇವುಗಳಿಗಾಗಿ ಇಷ್ಟೆಲ್ಲ ನಡೆಯುತ್ತದೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ತೂಕದಿಂದ ಅಳೆಯದೆ ಮೂರ್ಛೆಯಿಂದ ಅಳೆದರು. ಪಟ್ಟಿಗೆ ತೂಕವಿಲ್ಲ, ಅದನ್ನಿಡಲು ಕಣಜ ಬೇಕಾಗಿಲ್ಲ. ಆದರೆ ಪಕ್ಕದವನ ಪಟ್ಟಿ ತನ್ನದಕ್ಕಿಂತ ಉದ್ದವಾಗಿದೆ ಎಂದು ನಿದ್ರೆಗೆಟ್ಟವನಿಗೆ ಅದು ಕಣಜಕ್ಕಿಂತ ಭಾರ. ಪರಿಗ್ರಹ ಪರಿಮಾಣ ವ್ರತವನ್ನು ಹೊಲ, ಮನೆ, ಒಡವೆಗಳಿಗೆ ಅನ್ವಯಿಸುವ ಶ್ರಾವಕರು ಇಂಥ ತೂಕವಿಲ್ಲದ ಸಂಗ್ರಹವನ್ನೂ ಲೆಕ್ಕಕ್ಕೆ ಹಿಡಿದರೆ ತಪ್ಪಾಗದು.

ಪಾದಕ್ಕೂ ಒಂದು ಮಾತು ಸಲ್ಲಬೇಕು. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಹರಳುಗಳ ನಡುವೆ, ಹರಳಿನದೇ ಬಣ್ಣದ ಮೊಟ್ಟೆಗಳನ್ನು ಇಡುತ್ತದೆ. ಆಕಾಶದಲ್ಲಿ ಹಾರುವ ಹೊಸ ಹಕ್ಕಿಯ ಮೇಲೆ ಕಣ್ಣಿಟ್ಟು ದಡದುದ್ದಕ್ಕೂ ಓಡುವವನ ಕಾಲಡಿಯಲ್ಲಿ ಅವು ಇರಬಹುದು. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವ ಈರ್ಯಾಸಮಿತಿ ಎಷ್ಟು ಪ್ರಾಯೋಗಿಕವಾದುದು ಎಂಬುದು ಕೆರೆಯಂಗಳದಲ್ಲಿ ಅರಿವಾಗುತ್ತದೆ. ಅದೇ ಮುನಿಗಳ ಕೈಯಲ್ಲಿರುವ ಪಿಂಛಿಯೂ ಹಕ್ಕಿಯದೇ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ್ದು. ಶ್ರವಣಬೆಳಗೊಳದ ಶಾಸನಗಳು ಉಮಾಸ್ವಾಮಿಗಳನ್ನು ಗೃಧ್ರಪಿಂಛರೆಂದು ಕರೆದು, ಅವರ ಶಿಷ್ಯರ ಹೆಸರನ್ನು ಬಲಾಕಪಿಂಛರೆಂದು ಹೇಳುತ್ತವೆ. ಸೂತ್ರಕಾರರಿಗೆ ಹದ್ದಿನ ಗರಿಯ ಹೆಸರು, ಶಿಷ್ಯರಿಗೆ ಬೆಳ್ಳಕ್ಕಿಯ ಗರಿಯ ಹೆಸರು, ವ್ಯಾಖ್ಯಾನಕಾರರ ಉದಾಹರಣೆಯಲ್ಲಿ ಮತ್ತೆ ಬೆಳ್ಳಕ್ಕಿ. ಆ ಕಾಲದ ಶ್ರಮಣರು ಹಕ್ಕಿಗಳ ನಡುವೆಯೇ ಬಾಳಿದವರು.

ಹಕ್ಕಿಯೂ ನೋಡುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ, ದಂಡಕಾರಣ್ಯದಲ್ಲಿ ರಾಮಸೀತೆಯರು ಮುನಿಗಳಿಬ್ಬರಿಗೆ ಆಹಾರದಾನ ಮಾಡುತ್ತಿರುವಾಗ ಮರದ ಮೇಲಿಂದ ರಣಹದ್ದೊಂದು ಆ ಮುನಿಗಳನ್ನು ಕಾಣುತ್ತದೆ. ಆ ನೋಟದಿಂದ ಅದಕ್ಕೆ ಹಿಂದಿನ ಜನ್ಮದ ನೆನಪು ಮರುಕಳಿಸುತ್ತದೆ. ಮುನಿಗಳ ಪಾದೋದಕದಲ್ಲಿ ಹೊರಳಿ ಮೈ ಹೊಳೆಯತೊಡಗಿದ ಆ ಹಕ್ಕಿ ಶ್ರಾವಕ ವ್ರತಗಳನ್ನು ಸ್ವೀಕರಿಸುತ್ತದೆ. ತಲೆಯ ಮೇಲೆ ಜಟೆಯಂತೆ ಹೊಳೆಯುವ ಕಾಂತಿಯಿಂದ ಅದಕ್ಕೆ ಜಟಾಯುವೆಂಬ ಹೆಸರು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಯು ಸಮ್ಯಗ್ದರ್ಶನವನ್ನು ಪಡೆದು ಐದನೆಯ ಗುಣಸ್ಥಾನದವರೆಗೂ ಏರಬಲ್ಲುದು ಎಂಬ ಸಿದ್ಧಾಂತ ಈ ಕಥೆಯ ಬೆನ್ನಿಗಿದೆ. ಮನುಷ್ಯರಲ್ಲಿಯೇ ಎಷ್ಟೋ ಮಂದಿ ಏರದ ಮೆಟ್ಟಿಲು ಅದು.

ಮಾಗಡಿ ಕೆರೆಯಲ್ಲಿ ಈಗ ಮಂಜು ಕರಗಿದೆ. ಆಚೆ ದಡದ ಹೆಬ್ಬಾತು ಕತ್ತೆತ್ತಿದ್ದು ಸುಮ್ಮನೆ ಅಲ್ಲ. ಏರಿಯ ಮೇಲೆ ಅದಕ್ಕೂ ಏನೋ ಒಂದು ಕಂಡಿದೆ. ಕಪ್ಪಗೆ, ನೀಳವಾಗಿ ನಿಂತಿರುವುದು ಮರದ ಮೋಟೋ, ಮನುಷ್ಯನೋ? ಮೋಟಾದರೆ ಅಲುಗದು. ಹಕ್ಕಿ ಕಾಯುತ್ತದೆ. ಏರಿಯ ಮೇಲಿನವನು ಇನ್ನೆರಡು ಹೆಜ್ಜೆ ಮುಂದಿಟ್ಟರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಒಂದು ರೆಕ್ಕೆಯ ಸದ್ದಿಗೆ ಇಡೀ ಹಿಂಡು ಮೇಲೇಳುತ್ತದೆ. ಅವನು ಕ್ಯಾಮೆರಾವನ್ನು ಕೆಳಗಿಳಿಸಿ, ನಿಂತಲ್ಲೇ ನಿಧಾನವಾಗಿ ಕುಕ್ಕರಿಸುತ್ತಾನೆ. ಹೆಬ್ಬಾತು ಇನ್ನೂ ಸ್ವಲ್ಪ ಹೊತ್ತು ಅವನತ್ತಲೇ ನೋಡುತ್ತದೆ. ಆಮೇಲೆ ಕತ್ತನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ, ಒಂಟಿಕಾಲಿನಲ್ಲಿ ನಿಂತು ಕಣ್ಣು ಮುಚ್ಚುತ್ತದೆ.