ಎರಡು ಗುಜರಿ ಬುಲೆಟ್, ಒಂದು ವಿ-ಟ್ವಿನ್ ಕನಸು

‘ಡಿಪ್ಲೊಮಾ ಮುಗಿಸಿದಾಂವ ನೌಕರಿ ಹುಡುಕೂದು ಬಿಟ್ಟು ಗುಜರಿ ಆರಿಸಾಕತ್ತಾನ’ ಎಂದು ಅಪ್ಪ ಓಣಿಯವರೆದುರು ಹೇಳಿದ ದಿನ, ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕ ಎರಡು ಹಳೆಯ ಬುಲೆಟ್ ಎಂಜಿನ್‌ಗಳಿದ್ದವು. ಒಂದು ಲಕ್ಷ್ಮೇಶ್ವರದ ಗುಜರಿ ಅಂಗಡಿಯದು. ಇನ್ನೊಂದು ಮುಂಡರಗಿಯ ರೈತರೊಬ್ಬರ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದು.

ಈ ಹುಚ್ಚು ಹಿಡಿಸಿದವರು ಅನಿಕೇತ್ ವರ್ಧನ್. ಅಮೆರಿಕದ ಓಹಿಯೊದಲ್ಲಿ ನೆಲೆಸಿದ ಈ ಭಾರತೀಯ ವಿನ್ಯಾಸಕಾರ, ಎರಡು ಬುಲೆಟ್ 350ರ ಸಿಲಿಂಡರ್, ಹೆಡ್‌ಗಳನ್ನು ‘ವಿ’ ಆಕಾರದಲ್ಲಿ ಕೂರಿಸಿ ‘ಮಸ್ಕೆಟ್’ ಎಂಜಿನ್ ಕಟ್ಟಿದರು. ಕ್ರ್ಯಾಂಕ್‌ಕೇಸ್ ಮಾತ್ರ ಅವರದೇ ವಿನ್ಯಾಸ. ಆಸ್ಟ್ರೇಲಿಯಾದ ಪಾಲ್ ಕಾರ್ಬೆರಿ ಕೂಡ ಎರಡು 500 ಸಿಸಿ ಸಿಲಿಂಡರ್ ಜೋಡಿಸಿ 1000 ಸಿಸಿ ಎಂಜಿನ್ ಮಾಡಿದವರು. ಅವರಿಂದಾದರೆ ನನ್ನಿಂದ ಯಾಕಾಗದು?

ಲೆಕ್ಕವೇನೋ ಸರಳ. ಹಳೆಯ ಬುಲೆಟ್‌ನ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಒಂದು ಸಿಲಿಂಡರ್‌ಗೆ 346 ಸಿಸಿ, ಎರಡಕ್ಕೆ 692. ಕಷ್ಟ ಶುರುವಾಗಿದ್ದು ಕೋನದಲ್ಲಿ. 90 ಡಿಗ್ರಿ ಇಟ್ಟರೆ ನಡುಕ ಕಡಿಮೆ, ಆದರೆ ಎಂಜಿನ್ ಉದ್ದವಾಗಿ ಫ್ರೇಮಿನಲ್ಲಿ ಕೂರದು. ತೀರಾ ಕಿರಿದಾದರೆ ಕಾರ್ಬುರೇಟರ್‌ಗೆ ಜಾಗವಿಲ್ಲ. 60 ಡಿಗ್ರಿಗೆ ಒಪ್ಪಿಕೊಂಡೆ. ಎರಡೂ ಕನೆಕ್ಟಿಂಗ್ ರಾಡ್ ಒಂದೇ ಕ್ರ್ಯಾಂಕ್‌ಪಿನ್ ಹಿಡಿದರೆ, ಒಂದು ಸಿಡಿತದಿಂದ ಇನ್ನೊಂದಕ್ಕೆ 300 ಡಿಗ್ರಿ, ಅಲ್ಲಿಂದ ಮುಂದಿನದಕ್ಕೆ 420. ವಿ-ಟ್ವಿನ್‌ನ ಆ ತಾಳತಪ್ಪಿದ ‘ಡುಗ್‌ಡುಗ್... ಡುಗ್‌ಡುಗ್’ ಸದ್ದಿನ ಗುಟ್ಟು ಇದೇ.

ಮುಳಗುಂದ ನಾಕಾ ಹತ್ತಿರದ ಮಾವನ ಗ್ಯಾರೇಜಿನಲ್ಲಿ ಎರಡು ತಿಂಗಳು ಕೂತು ಕ್ರ್ಯಾಂಕ್‌ಕೇಸ್ ಚಿತ್ರ ಬರೆದೆ. ಶಿರಹಟ್ಟಿಯ ಬಡಿಗೇರ ಕಾಕಾ ಸಾಗವಾನಿಯಲ್ಲಿ ಮಾದರಿ ಕೆತ್ತಿಕೊಟ್ಟರು. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಸಿದೆ. ಕೂಡಿಟ್ಟ ದುಡ್ಡೆಲ್ಲ ಅಲ್ಲಿಗೆ ಮುಗಿಯಿತು.

ಎರಕ ಆರಿದ ಮೇಲೆ ಅಳೆದೆ. 300 ಮಿ.ಮೀ. ಇರಬೇಕಾದಲ್ಲಿ 296! ಬೋಲ್ಟ್ ತೂತುಗಳು ಸಿಲಿಂಡರ್‌ಗೆ ಹೊಂದಲಿಲ್ಲ. ‘ತಮ್ಮಾ, ಲೋಹ ಆರಿದ ಮ್ಯಾಲ ಕುಗ್ಗತದ. ಮಾದರಿ ಮೊದಲ ದೊಡ್ಡದು ಮಾಡಬೇಕಿತ್ತು’ ಎಂದರು ಅಲ್ಲಿನ ಹಿರಿಯ ಕೆಲಸಗಾರರು. ಅಲ್ಯೂಮಿನಿಯಂ ಮೀಟರಿಗೆ ಸುಮಾರು 13 ಮಿ.ಮೀ. ಕುಗ್ಗುತ್ತದೆ. ಡಿಪ್ಲೊಮಾದಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆದಿದ್ದೆ!

ರಾತ್ರಿ ಊಟಕ್ಕೂ ಏಳದೆ ಮಲಗಿದ್ದೆ. ಅಪ್ಪ ಎರಕವನ್ನು ಕೈಯಲ್ಲಿ ಹೊರಳಿಸಿ ನೋಡಿ, ‘ಏನಾತು?’ ಅಂದ. ಹೇಳಿದೆ. ‘ಅಷ್ಟ ಹೌದಿಲ್ಲೋ? ಮಗ್ಗದಿಂದ ಇಳಿದ ಮ್ಯಾಲ ಬಟ್ಟಿನೂ ಕುಗ್ಗತದ. ಅದಕ್ಕ ನಾವು ಹಾಸು ಒಂದೀಟು ಉದ್ದ ಹಾಕತೀವಿ. ಏಳು, ಉಣ್ಣು’ ಎಂದ. ನನ್ನ ಎಂಜಿನ್ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು.

ಗೆಳೆಯರೇ, ಇದನ್ನು ಬೈಕಿಗೆ ಹಾಕಿ ರಸ್ತೆಗಿಳಿಸುವ ಆಸೆ ನನಗಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. ಗ್ಯಾರೇಜಿನ ಸ್ಟ್ಯಾಂಡಿನ ಮೇಲೆ ಒಮ್ಮೆ ಹೊತ್ತಿಕೊಂಡರೆ ಸಾಕು.

ಮೊನ್ನೆ ಹುಬ್ಬಳ್ಳಿಯಲ್ಲೊಂದು ಸಂದರ್ಶನಕ್ಕೆ ಅಂಕಪಟ್ಟಿಯ ಜತೆ ಆ ಹಾಳಾದ ಎರಕವನ್ನೂ ಒಯ್ದಿದ್ದೆ. ಅಂಕಪಟ್ಟಿ ನೋಡಿದ್ದು ಒಂದು ನಿಮಿಷ, ಎರಕದ ಬಗ್ಗೆ ಕೇಳಿದ್ದು ಇಪ್ಪತ್ತು ನಿಮಿಷ. ಉತ್ತರ ಇನ್ನೂ ಬಂದಿಲ್ಲ. ಅಷ್ಟರೊಳಗೆ ಶಿರಹಟ್ಟಿ ಕಾಕಾ ಹೊಸ ಮಾದರಿ ಕೆತ್ತುತ್ತಿದ್ದಾರೆ. ಸಾಗವಾನಿಯ ದುಡ್ಡು ಕೊಟ್ಟಿದ್ದು ಅಪ್ಪ. ಈ ಸಲ ಅಳತೆ 304.