ತಟ್ಟೆ ಎತ್ತದ ಒಂದು ವರ್ಷ

ಉಡುಪಿ ಹೋಟೆಲಿನ ಕಥೆ ನಮಗೆಲ್ಲ ಗೊತ್ತು. ಊರು ಬಿಟ್ಟು ಬಂದ ಹುಡುಗ ಮೊದಲು ಲೋಟ ತೊಳೆಯುತ್ತಾನೆ, ಟೇಬಲ್ ಒರೆಸುತ್ತಾನೆ, ಸಪ್ಲೈಯರ್ ಆಗುತ್ತಾನೆ, ಅಡುಗೆ ಭಟ್ಟರ ಪಕ್ಕ ನಿಂತು ಸಾಂಬಾರಿನ ಹದ ಕಲಿಯುತ್ತಾನೆ, ಕೊನೆಗೊಂದು ದಿನ ತನ್ನದೇ ಗಲ್ಲಾದಲ್ಲಿ ಕೂರುತ್ತಾನೆ. ಮಾಲೀಕನಾದ ಮೇಲೂ ಮಧ್ಯಾಹ್ನದ ಊಟಕ್ಕೆ ಜನ ನುಗ್ಗಿದರೆ ಪಂಚೆ ಎತ್ತಿ ಕಟ್ಟಿ ತಾನೇ ಎಲೆ ಹಾಕುತ್ತಾನೆ. ಇದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಆದರೆ ನೂರು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ಹೋಟೆಲ್ ಇಟ್ಟಿದ್ದ ಚೀನೀಯನೊಬ್ಬ ಹಾಗೆ ತಟ್ಟೆ ಎತ್ತುವುದು ಅಧಿಕಾರಿಗಳ ಕಣ್ಣಿಗೆ ಬಿದ್ದರೆ, ಊರಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದಿತ್ತು.

ಹೊರದೇಶಕ್ಕೆ ಹೋಗಿ ಸ್ವಂತ ವ್ಯಾಪಾರ ಶುರು ಮಾಡುವವರಿಗೆ ಕೊಡುವ ವೀಸಾದ ಬೇರು ಹುಡುಕುತ್ತ ಹೋದರೆ, ಅಮೆರಿಕದ ಮಟ್ಟಿಗೆ ಈ ತಟ್ಟೆಯ ಮುಂದೆ ಬಂದು ನಿಲ್ಲಬೇಕಾಗುತ್ತದೆ.

ಚಿನ್ನದ ಗಣಿ ಅಗೆಯಲು, ರೈಲು ಹಳಿ ಹಾಕಲು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ ಚೀನೀಯರ ಮೇಲೆ ಅಲ್ಲಿನ ಬಿಳಿಯರ ಸಿಟ್ಟು ಏರುತ್ತ ಹೋಗಿ, 1882ರಲ್ಲಿ ಚೀನೀ ಬಹಿಷ್ಕಾರ ಕಾಯ್ದೆ ಬಂತು. ಕೂಲಿಗಳು ಬರುವಂತಿಲ್ಲ. ಆದರೆ ಚೀನಾದ ಜೊತೆ 1880ರಲ್ಲಿ ಆದ ಒಪ್ಪಂದ ಕೈ ಕಟ್ಟಿತ್ತು. ಹಾಗಾಗಿ ವ್ಯಾಪಾರಿಗಳು, ಶಿಕ್ಷಕರು, ವಿದ್ಯಾರ್ಥಿಗಳು, ಪ್ರವಾಸಿಗಳಿಗೆ ಬಾಗಿಲು ತೆರೆದೇ ಇತ್ತು. ವ್ಯಾಪಾರಿಯಾದವನು ಊರಿಗೆ ಹೋಗಿ ಮರಳಿ ಬರಬಹುದು, ಹೆಂಡತಿ ಮಕ್ಕಳನ್ನೂ ಕರೆತರಬಹುದು. ಕೂಲಿಗೆ ಹೆಂಡತಿ ಮಕ್ಕಳನ್ನು ಕರೆತರುವುದು ಕನಸಿನ ಮಾತು.

ಹಾಗಾದರೆ ವ್ಯಾಪಾರಿ ಎಂದರೆ ಯಾರು? 1893ರ ಕಾನೂನು ಇದನ್ನು ಬಿಡಿಸಿ ಬರೆಯಿತು. ನಿಗದಿತ ಜಾಗದಲ್ಲಿ, ತನ್ನ ಹೆಸರಿನಲ್ಲಿ ಸರಕು ಕೊಂಡು ಮಾರುವವನು. ತನ್ನ ವ್ಯಾಪಾರಕ್ಕೆ ತೀರ ಅಗತ್ಯವಾದಷ್ಟನ್ನು ಬಿಟ್ಟರೆ ಮೈಮುರಿಯುವ ಕೆಲಸ ಮಾಡದವನು. ಊರಿಗೆ ಹೋಗಿ ಮರಳುವವನು, ಹೊರಡುವ ಮೊದಲಿನ ಒಂದು ವರ್ಷ ಹಾಗೆಯೇ ಇದ್ದನೆಂದು ಇಬ್ಬರು ನಂಬಿಕಸ್ಥರು ಸಾಕ್ಷಿ ಹೇಳಬೇಕು. ಆ ಇಬ್ಬರೂ ಚೀನೀಯರಾಗಿರಕೂಡದು. ಬಟ್ಟೆ ಒಗೆಯುವವನು, ಅನ್ನ ಬೇಯಿಸಿ ಬಡಿಸುವವನು ಈ ಲೆಕ್ಕಕ್ಕೆ ಸೇರಲಿಲ್ಲ. ಅಂಗಡಿ ಅವನದೇ ಆಗಿದ್ದರೂ ಕಾನೂನಿನ ಕಣ್ಣಿಗೆ ಅವನು ಕೂಲಿಯೇ.

1915ರಲ್ಲಿ ಒಂದು ಫೆಡರಲ್ ಕೋರ್ಟು ಹೋಟೆಲ್ ಮಾಲೀಕನೂ ವ್ಯಾಪಾರಿಯೇ ಎಂದಿತು. ಇತಿಹಾಸಕಾರ್ತಿ ಹೆದರ್ ಲೀ ವಲಸೆ ಇಲಾಖೆಯ ಹಳೆಯ ಕಡತಗಳನ್ನು ಓದಿ, ಆಮೇಲೆ ನಡೆದದ್ದನ್ನು ಬಿಡಿಸಿಟ್ಟಿದ್ದಾರೆ. ಇಲಾಖೆ ಎಲ್ಲ ಹೋಟೆಲನ್ನೂ ಒಪ್ಪಲಿಲ್ಲ, ಮೇಲ್ದರ್ಜೆಯದ್ದೇ ಆಗಬೇಕಿತ್ತು. ಅದರಲ್ಲಿ ದೊಡ್ಡ ಪಾಲು ಹಾಕಿದವನು ಒಂದು ವರ್ಷ ಪೂರ್ತಿ ಮ್ಯಾನೇಜರ್ ಆಗಿರಬೇಕು. ಆ ವರ್ಷವಿಡೀ ಅಡುಗೆ ಮಾಡುವಂತಿಲ್ಲ, ಬಡಿಸುವಂತಿಲ್ಲ, ತಟ್ಟೆ ತೊಳೆಯುವಂತಿಲ್ಲ, ಗಲ್ಲಾದಲ್ಲಿ ಕೂತು ಹಣ ಎಣಿಸಿಕೊಳ್ಳುವುದೂ ಕೂಡದು.

ಒಬ್ಬನ ಹತ್ತಿರ ಅಷ್ಟು ದುಡ್ಡೆಲ್ಲಿ? ನೆಂಟರು, ಊರವರು ಸೇರಿ ಪಾಲು ಹಾಕಿದರು. ಗಿಲೀಟು ಮಾಡಿದ, ದೀಪ ಝಗಮಗಿಸುವ ದೊಡ್ಡ ದೊಡ್ಡ ಚಾಪ್ಸುಯಿ ಹೋಟೆಲುಗಳು ಎದ್ದವು. ಒಬ್ಬ ವರ್ಷವೋ ಒಂದೂವರೆ ವರ್ಷವೋ ಮ್ಯಾನೇಜರ್ ಆಗಿರುತ್ತಾನೆ. ಸರಕು ಹಾಕುವವನು, ಕಟ್ಟಡದ ಮಾಲೀಕ, ಹೀಗೆ ಇಬ್ಬರು ಬಿಳಿಯರು ಅವನ ಪರವಾಗಿ ಸಾಕ್ಷಿ ನುಡಿಯುತ್ತಾರೆ. ಅವನ ಕಾಗದ ಆದ ಮೇಲೆ ಆ ಕುರ್ಚಿ ಇನ್ನೊಬ್ಬ ಪಾಲುದಾರನಿಗೆ. ನಮ್ಮಲ್ಲಿ ಚೀಟಿ ಎತ್ತುವ ಹಾಗೆ, ಒಬ್ಬರಾದ ಮೇಲೊಬ್ಬರು. ನ್ಯೂಯಾರ್ಕ್ ನಗರದಲ್ಲಿ 1910ರಿಂದ 1920ರ ಹೊತ್ತಿಗೆ ಚೀನೀ ಹೋಟೆಲುಗಳ ಸಂಖ್ಯೆ ನಾಲ್ಕು ಪಟ್ಟಾಯಿತು. ಅಮೆರಿಕದ ನಾಲಿಗೆಗೆ ಚೀನೀ ರುಚಿ ಹತ್ತಿದ್ದು ನಿಜ. ಆದರೆ ಆ ಒಲೆಗಳಿಗೆ ಉರಿ ಹಾಕಿದ್ದರಲ್ಲಿ ಈ ವಲಸೆ ನಿಯಮದ ಪಾಲೂ ಸಣ್ಣದಲ್ಲ. ದುಡಿಯುವ ಜನ ದುಡಿಯದವರ ಹಾಗೆ ಕಾಣಿಸಿಕೊಂಡು ತಮ್ಮ ಸಂಸಾರವನ್ನು ಒಟ್ಟುಮಾಡಿಕೊಂಡರು. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ.

1924ರಲ್ಲಿ ಅಮೆರಿಕ ಏಷ್ಯಾದವರಿಗೆ ಬಾಗಿಲು ಇನ್ನಷ್ಟು ಬಿಗಿಯಾಗಿ ಹಾಕಿತು. ಆಗಲೂ ವಾಣಿಜ್ಯ ಒಪ್ಪಂದದ ಅಡಿ ಬರುವ ವ್ಯಾಪಾರಿಯನ್ನು ಆ ನಿರ್ಬಂಧದಿಂದ ಹೊರಗಿಟ್ಟಿತು. ಅಂಥವರ ಹೆಂಡತಿ ಮಕ್ಕಳು ಬರಬಹುದೆಂದು ಮರುವರ್ಷ ಸುಪ್ರೀಂ ಕೋರ್ಟು ಹೇಳಿತು. 1952ರ ಕಾಯ್ದೆ ಅದರ ಪಕ್ಕದಲ್ಲೇ ಬಂಡವಾಳ ಹೂಡುವವನನ್ನೂ ಸೇರಿಸಿತು. ಇಂದಿನ ಇ-2 ವೀಸಾ ಹುಟ್ಟಿದ್ದು ಹೀಗೆ.

ಇ-2ಕ್ಕೆ ಇಷ್ಟೇ ದುಡ್ಡು ಎಂಬ ಕಟ್ಟು ಇಲ್ಲ. ಆದರೆ ದುಡ್ಡು ಬ್ಯಾಂಕಿನಲ್ಲಿ ಮಲಗಿರಬಾರದು. ಸಂದರ್ಶನಕ್ಕೆ ಹೋಗುವ ಹೊತ್ತಿಗೆ ಮಳಿಗೆಯ ಬಾಡಿಗೆ ಕರಾರು, ಕೊಂಡ ಒಲೆ, ಫ್ರಿಜ್ಜುಗಳ ಬಿಲ್ಲು ಕೈಯಲ್ಲಿರಬೇಕು. ಹೂಡಿದವನು ವ್ಯವಹಾರವನ್ನು ಬೆಳೆಸಿ, ಮುನ್ನಡೆಸುವವನಾಗಿರಬೇಕು. ತನ್ನ ಮತ್ತು ತನ್ನ ಸಂಸಾರದ ಹೊಟ್ಟೆಪಾಡಿಗಷ್ಟೇ ಸಾಲುವ ಅಂಗಡಿಯಾದರೆ ನಡೆಯದು. 1893ರ ಕಾನೂನಿನ ದನಿ ಇಲ್ಲಿ ಕೇಳಿಸುತ್ತದೆ.

ಇದು ಒಪ್ಪಂದದ ವೀಸಾ ಆದ್ದರಿಂದ ಅರ್ಜಿದಾರನ ಯೋಗ್ಯತೆಗಿಂತ ಮೊದಲು ಅವನ ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ. ಅಮೆರಿಕದ ಜೊತೆ ಇಂಥ ಒಪ್ಪಂದಕ್ಕೆ ಪಾಕಿಸ್ತಾನ 1959ರಲ್ಲಿ ಸಹಿ ಹಾಕಿತು. ಬಾಂಗ್ಲಾದೇಶ, ಶ್ರೀಲಂಕಾಗಳೂ ಮುಂದೆ ಬೇರೆ ಒಪ್ಪಂದದ ಮೂಲಕ ಪಟ್ಟಿಗೆ ಸೇರಿದವು. ಭಾರತ ಇಂದಿಗೂ ಇಲ್ಲ. ನೆದರ್ಲೆಂಡ್ಸ್ 1956ರಲ್ಲಿ ಮಾಡಿಕೊಂಡ ಒಪ್ಪಂದದ ಬಲದಿಂದ ಅಮೆರಿಕದವರೊಬ್ಬರು 4,500 ಯೂರೊ ಬಂಡವಾಳ ತೋರಿಸಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ತೆರೆಯಬಹುದು. ಅದೇ ಕನಸು ಹೊತ್ತ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳಿಗೆ ಆಮ್‌ಸ್ಟರ್‌ಡ್ಯಾಮಿನಲ್ಲೂ ಆ ಬಾಗಿಲಿಲ್ಲ, ನ್ಯೂಯಾರ್ಕಿನಲ್ಲೂ ಇ-2 ಇಲ್ಲ.

ಅವಳಿಗೆ ಉಳಿಯುವ ದಾರಿಗಳು ಸುತ್ತುಬಳಸಿನವು. ಇಬಿ-5 ಎಂಬ ಹೂಡಿಕೆದಾರರ ವೀಸಾಕ್ಕೆ ಕಡಿಮೆಯೆಂದರೂ 8 ಲಕ್ಷ ಡಾಲರ್ ಹೂಡಿ ಹತ್ತು ಜನರಿಗೆ ಕೆಲಸ ಕೊಡಬೇಕು. ಗ್ರೆನಡಾದಂಥ ಪುಟ್ಟ ದೇಶದ ಪೌರತ್ವ ಕೊಂಡು ಇ-2 ಹಿಡಿಯುವವರಿದ್ದರು. ಹಾಗೆ ಕೊಂಡವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕೆಂದು 2022ರ ಕೊನೆಗೆ ಕಾನೂನು ಬಂತು. ಸ್ಟಾರ್ಟಪ್ ಕಟ್ಟುವವರಿಗೆಂದೇ ಒಂದು ವೀಸಾ ಬೇಕೆಂಬ ಮಸೂದೆ 2010ರಿಂದ ಅಮೆರಿಕದ ಸಂಸತ್ತಿಗೆ ಮತ್ತೆ ಮತ್ತೆ ಹೋಗಿ ಪಾಸಾಗದೆ ಉಳಿದಿದೆ. ಕೆನಡಾ 2013ರಲ್ಲೇ ಅಂಥದ್ದನ್ನು ಶುರು ಮಾಡಿತ್ತು.

ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳಿಗೆ ಈಗ ಒಂದು ಕಿಂಡಿ ಕಾಣುತ್ತದೆ. ತಾವೇ ಹೆಚ್ಚಿನ ಪಾಲಿನ ಒಡೆಯರಾದ ಕಂಪನಿಯ ಮೂಲಕವೂ ಅರ್ಜಿ ಹಾಕಬಹುದೆಂದು 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಸ್ಪಷ್ಟವಾಗಿ ಹೇಳಿತು. ಮೊದಲು ಸಿಗುವುದು ಹೆಚ್ಚೆಂದರೆ ಹದಿನೆಂಟು ತಿಂಗಳು. ಷರತ್ತೂ ಉಂಟು. ಮಾಲೀಕತನದ ಓಡಾಟ, ಗಿರಾಕಿ ಹುಡುಕುವುದು, ಬಾಡಿಗೆ ಮಾತಾಡುವುದು ಎಲ್ಲ ಮಾಡಬಹುದು. ಆದರೆ ಅರ್ಧಕ್ಕಿಂತ ಹೆಚ್ಚು ಸಮಯ ಓದಿದ ವಿದ್ಯೆಯ ಕೆಲಸದಲ್ಲೇ ಕಳೆಯಬೇಕು. ಸಾಫ್ಟ್‌ವೇರ್ ಕಂಪನಿ ಕಟ್ಟಿದ ಹುಡುಗ ಎಷ್ಟು ಗಂಟೆ ಕೋಡ್ ಬರೆದ, ಎಷ್ಟು ಗಂಟೆ ಯಜಮಾನಿಕೆ ಮಾಡಿದ ಎಂಬ ಪ್ರಶ್ನೆ ಎದ್ದರೆ ಅದಕ್ಕೂ ಸಾಕ್ಷಿ ಒದಗಿಸಬೇಕು.