ಗಡಿನಾಡಿನ ಕನ್ನಡ ಪದವೀಧರರು ಮತ್ತು ತಾಂತ್ರಿಕ ಬರಹಗಾರರ ರೆಸ್ಯೂಮ್

ಗಡಿನಾಡ ಕನ್ನಡ ಅಂದ ಕೂಡಲೇ ನಾವು 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿ ಇವುಗಳ ಬಗ್ಗೆ ಮಾತಾಡುತ್ತೇವೆ. ಅವು ಬೇಕಾದ ಚರ್ಚೆಗಳೇ. ಆದರೆ ‘ಕನ್ನಡ ಓದಿದರೆ ಮಾಷ್ಟ್ರ ಕೆಲಸ ಬಿಟ್ಟು ಬೇರೇನುಂಟು?’ ಅಂತ ಮನೆಯಲ್ಲಿ ಕೇಳುವ ಪ್ರಶ್ನೆಯೂ ಅಷ್ಟೇ ಮುಖ್ಯ. ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕು ಅನ್ನುವ ತೀರ್ಮಾನ ಆ ಪ್ರಶ್ನೆಗೂ ತಗಲಿಕೊಂಡಿದೆ. ಅದಕ್ಕೆ ಇರುವ ಉತ್ತರಗಳಲ್ಲಿ ತಾಂತ್ರಿಕ ಬರವಣಿಗೆ ಒಂದು. ಆ ಕೆಲಸಕ್ಕೆ ರೆಸ್ಯೂಮ್ ಹೇಗಿರಬೇಕು ಅನ್ನುವುದು ಇವತ್ತಿನ ನನ್ನ ವಿಷಯ.

ತಾಂತ್ರಿಕ ಬರಹಗಾರ ಅಂದರೆ ಯಾರು? ಒಂದು ಯಂತ್ರವನ್ನೋ ಆ್ಯಪನ್ನೋ ಬಳಸುವ ಕ್ರಮವನ್ನು ಗೊತ್ತಿಲ್ಲದವರಿಗೆ ತಿಳಿಯುವಂತೆ ಬರೆಯುವವರು. ಹೀಗೆ ಬರೆದದ್ದನ್ನು ಬೇರೆ ಭಾಷೆಗೆ ಒಗ್ಗಿಸುವುದು ಇದಕ್ಕೆ ಅಂಟಿಕೊಂಡ ಕೆಲಸ. ಬೇರೆ ಉದ್ಯೋಗಗಳಲ್ಲಿ ರೆಸ್ಯೂಮ್ ಕೆಲಸದ ಬಗ್ಗೆ ಹೇಳುತ್ತದೆ. ಇಲ್ಲಿ ರೆಸ್ಯೂಮೇ ಕೆಲಸದ ಮೊದಲ ಮಾದರಿ. ಒಂದು ಕಡೆ ‘ಜೂನ್ 2023’, ಇನ್ನೊಂದು ಕಡೆ ‘06/23’ ಅಂತ ಬರೆದಿದ್ದರೆ ‘ಇವರು ಕೈಪಿಡಿಯನ್ನೂ ಹೀಗೇ ಬರೆಯುತ್ತಾರೆ’ ಅಂತ ಓದುವವರು ಅಂದುಕೊಳ್ಳುತ್ತಾರೆ.

ಮೊದಲು ರೂಪದ ವಿಷಯ. ಹೊಸಬರಿಗೆ ಒಂದು ಪುಟ ಸಾಕು, ಅನುಭವ ಇದ್ದವರಿಗೆ ಎರಡು. ಅನೇಕ ಕಂಪನಿಗಳಲ್ಲಿ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ತಂತ್ರಾಂಶ ಓದುತ್ತದೆ. ಎರಡು ಕಾಲಂ, ಪಟ್ಟಿಯ ಚೌಕ, ಚಿತ್ರದೊಳಗಿನ ಅಕ್ಷರ ಇದ್ದರೆ ಅದಕ್ಕೆ ಸಾಲುಗಳು ಅದಲುಬದಲಾಗಬಹುದು. ಹಾಗಾಗಿ ಒಂದೇ ಕಾಲಂ, ಸರಳ ಶೀರ್ಷಿಕೆಗಳು, ಒಂದೇ ಫಾಂಟ್. ಬೇರೆ ರೂಪ ಕೇಳದಿದ್ದರೆ ಪಿಡಿಎಫ್ ಕಳಿಸಿ. ಕಡತಕ್ಕೆ ನಿಮ್ಮ ಹೆಸರನ್ನೇ ಇಡಿ. ಅರ್ಜಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಜೊತೆಗೆ ಕೊಡುವ ಕನ್ನಡ ಮಾದರಿಗಳು ಮಾತ್ರ ಯೂನಿಕೋಡಿನಲ್ಲಿರಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುವುದುಂಟು.

ಇನ್ನು ನಮ್ಮ ಕಡೆಯ ವಿಶೇಷ ತೊಡಕುಗಳು. ಕೇರಳದಲ್ಲಿ ಇನಿಷಿಯಲ್ ಹೆಚ್ಚಾಗಿ ಹೆಸರಿನ ಕೊನೆಗೆ ಬರುತ್ತದೆ. ಸೊಲ್ಲಾಪುರ, ಜತ್ತ ಕಡೆ ತಂದೆಯ ಹೆಸರು, ಅಡ್ಡಹೆಸರು ಎರಡೂ ಸೇರುತ್ತವೆ. ಪ್ರಮಾಣಪತ್ರದಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೆಯೇ ಬರೆಯಿರಿ. ಮಹಾರಾಷ್ಟ್ರ, ಆಂಧ್ರಗಳ ಎಸ್‌ಎಸ್‌ಸಿ ಅಂದರೆ ಹತ್ತನೇ ತರಗತಿ, ಕಾಸರಗೋಡಿನ ಪ್ಲಸ್ ಟು ಅಂದರೆ ಕರ್ನಾಟಕದ ಪಿಯುಸಿಗೆ ಸಮ ಅಂತ ಬೆಂಗಳೂರಿನಲ್ಲಿ ಅರ್ಜಿ ನೋಡುವವರಿಗೆ ತಕ್ಷಣ ಹೊಳೆಯಲಿಕ್ಕಿಲ್ಲ. ‘ಹತ್ತನೇ ತರಗತಿ, ಕನ್ನಡ ಮಾಧ್ಯಮ, ಕೇರಳ’ ಅಂತ ಬಿಡಿಸಿ ಬರೆದರೆ ಆಯ್ತು. ಓದುವವರಿಗೆ ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದೇ ಈ ಕಸುಬಿನ ಮೂಲಪಾಠ. ಜಾತಿ, ಧರ್ಮ, ಮದುವೆ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಇವು ಬೇಡ. ಆ ಜಾಗ ಬೇರೆಯದಕ್ಕೆ ಬೇಕು.

ಆ ಬೇರೆಯದು ಭಾಷೆ. ಕಾಸರಗೋಡಿನವರಿಗೆ ಕನ್ನಡ, ತುಳು, ಮಲಯಾಳ. ತಾಳವಾಡಿಯವರಿಗೆ ಕನ್ನಡ, ತಮಿಳು. ಅಕ್ಕಲಕೋಟೆಯವರಿಗೆ ಕನ್ನಡ, ಮರಾಠಿ, ಹಿಂದಿ. ನಾವು ದಿನವೂ ಎರಡು ಭಾಷೆಗಳ ನಡುವೆ ಓಡಾಡುವವರು, ಆದರೂ ಅದನ್ನು ಪುಟದ ಕೊನೆಯಲ್ಲಿ ‘ತಿಳಿದಿರುವ ಭಾಷೆಗಳು’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಅದು ಮೇಲೆ ಬರಬೇಕು, ಪ್ರತಿ ಭಾಷೆಯಲ್ಲಿ ಏನು ಮಾಡಬಲ್ಲಿರಿ ಅನ್ನುವುದೂ ಇರಬೇಕು: ‘ಕನ್ನಡ: ಬರವಣಿಗೆ, ತಿದ್ದುವಿಕೆ. ಮಲಯಾಳ: ಓದು, ಕನ್ನಡಕ್ಕೆ ಅನುವಾದ. ತುಳು: ಮಾತು.’ ಮಾತಾಡಲು ಬಂದರೂ ಬರೆಯಲು ಬಾರದಿದ್ದರೆ ಹಾಗೆಂದೇ ಬರೆಯಿರಿ. ಪರೀಕ್ಷೆ ಕೊಟ್ಟಾಗ ಹೇಗೂ ಗೊತ್ತಾಗುತ್ತದೆ.

ಅನುಭವ ಇಲ್ಲದಿದ್ದರೆ ಏನು ಬರೆಯುವುದು? ಮಾಡಿದ ಕೆಲಸವನ್ನು ಬರೆಯುವುದು. ‘ಬರವಣಿಗೆಯಲ್ಲಿ ಆಸಕ್ತಿ ಇದೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಈ ವಾಕ್ಯ ನೋಡಿ: ‘ಹಾಲಿನ ಸೊಸೈಟಿಯ ತೂಕದ ಯಂತ್ರ ಬಳಸುವ ಕ್ರಮವನ್ನು ಎಂಟು ಹಂತಗಳಲ್ಲಿ ಕನ್ನಡದಲ್ಲಿ ಬರೆದೆ, ಇಬ್ಬರಿಂದ ಓದಿಸಿ, ಅವರು ತಡವರಿಸಿದ ಎರಡು ಹಂತಗಳನ್ನು ತಿದ್ದಿದೆ.’ ಇದರಲ್ಲಿ ಓದುಗ ಯಾರು, ಕೆಲಸ ಯಾವುದು, ಪರೀಕ್ಷಿಸಿದ್ದು ಹೇಗೆ ಎಲ್ಲ ಇದೆ. ಇಂಥ ಎರಡು ಮೂರು ಮಾದರಿಗಳಿಗೆ ಕೊಂಡಿ ಕೊಡಿ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು ಬರೆದರೆ ಯಾವ ತಿದ್ದುಪಡಿ ಯಾರದೆಂದು ಪುಟದ ಇತಿಹಾಸದಲ್ಲೇ ದಾಖಲಾಗಿರುತ್ತದೆ, ಅದನ್ನೂ ತೋರಿಸಬಹುದು. ಇಂಟರ್ನ್‌ಶಿಪ್ಪಿನಲ್ಲಿ ಬರೆದ ಸಂಸ್ಥೆಯ ಒಳಗಿನ ಕಡತಗಳನ್ನು ಮಾತ್ರ ಅನುಮತಿ ಇಲ್ಲದೆ ಹಾಕಬೇಡಿ.

ಸಾಹಿತ್ಯ ಓದಿದ್ದನ್ನು ಅಡಗಿಸುವ ಅಗತ್ಯವೂ ಇಲ್ಲ. ಹಸ್ತಪ್ರತಿಯ ಪಾಠಾಂತರ ಹೋಲಿಸಿದವರಿಗೆ ಒಂದೇ ಕೈಪಿಡಿಯ ಎರಡು ಆವೃತ್ತಿಗಳ ವ್ಯತ್ಯಾಸ ಹಿಡಿಯುವುದು ಗೊತ್ತಿರುತ್ತದೆ. ನಿಘಂಟಿನ ಕೆಲಸ ಮಾಡಿದವರು ಒಂದು ಪದವನ್ನು ಕಡೆಯವರೆಗೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಇದನ್ನು ‘ಎಂ.ಎ., ಕನ್ನಡ’ ಎಂಬ ಸಾಲಿನ ಕೆಳಗೆ ಒಂದೊಂದು ವಾಕ್ಯದಲ್ಲಿ ಬರೆಯಿರಿ.

ನಮ್ಮ ಕನ್ನಡ ವಿಭಾಗಗಳಿಗೆ ಒಂದು ವಿನಂತಿ: ಕೊನೆಯ ಸೆಮಿಸ್ಟರಿನಲ್ಲಿ ಇಂಥ ಎರಡು ಮಾದರಿಗಳನ್ನು ಬರೆಸಿ, ತಿದ್ದಿಕೊಡಿ. ಅಷ್ಟು ಕೈಯಲ್ಲಿದ್ದರೆ ಮನೆಯವರ ಪ್ರಶ್ನೆಗೆ ವಿದ್ಯಾರ್ಥಿಗಳ ಹತ್ತಿರ ತೋರಿಸಲು ಏನಾದರೂ ಇರುತ್ತದೆ.